ಸಾಬೂನಿನ ನೊರೆ

ಪರದೇಶದಲ್ಲಿರುವ ಮಕ್ಕಳನ್ನು ನೋಡಿಕೊಂಡು ಬಂದ ತಾಯಂದಿರ ಹತ್ತಿರ ದೋಸೆ ಹಿಟ್ಟಿನದೊಂದು ಕತೆ ಇದ್ದೇ ಇರುತ್ತದೆ. ಎರಡು ದಿನ ಇಟ್ಟರೂ ಹಿಟ್ಟು ಏಳಲಿಲ್ಲ, ಓವನ್ನಿನ ದೀಪ ಹಾಕಿ ಒಳಗಿಟ್ಟೆವು, ಕಂಬಳಿ ಹೊದಿಸಿದೆವು, ಹೀಗೆ. ನನ್ನ ಕತೆಯೂ ಅಲ್ಲಿಂದಲೇ ಶುರುವಾಗುತ್ತದೆ. ಆದರೆ ಅದು ಹೋಗಿ ನಿಂತದ್ದು ಮಾತ್ರ ನಾನು ನೆನೆಸಿಯೂ ಇರದ ಜಾಗದಲ್ಲಿ.

2023ರ ಬೇಸಿಗೆ ರಜೆಯಲ್ಲಿ ಮಗನ ಮನೆಗೆ ಹೋದೆ. ಅವನಿರುವುದು ಅಮೆರಿಕದ ಓರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ನಗರದ ಪಕ್ಕದ ಬೀವರ್ಟನ್ನಿನಲ್ಲಿ. ಯಜಮಾನರು ಬರಲಿಲ್ಲ. ಮನೆಯಲ್ಲಿ ಎಂಬತ್ತು ದಾಟಿದ ಅತ್ತೆಯನ್ನು ಬಿಟ್ಟು ಇಬ್ಬರೂ ಹೊರಡುವ ಹಾಗಿರಲಿಲ್ಲ. ನಾನು ಹೋದದ್ದು ಏಪ್ರಿಲ್ ಎರಡನೆಯ ವಾರ. ನಮ್ಮೂರಲ್ಲಿ ಸೆಕೆಗೆ ಮೈಯೆಲ್ಲ ಬೊಬ್ಬೆಯೇಳುವ ಹೊತ್ತು. ಅಲ್ಲಿ ಮಾತ್ರ ಮಲೆನಾಡಿನ ಆಷಾಢದಂತೆ ಜಿಟಿಜಿಟಿ ಮಳೆ, ಮೈ ಕೊರೆಯುವ ಚಳಿ. ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ನೋಡಿದರೆ ಇಟ್ಟಲ್ಲೇ ಇತ್ತು, ಬೆಪ್ಪನ ಹಾಗೆ.

ಎರಡನೆಯ ಸಲ ರುಬ್ಬಿದ ರಾತ್ರಿ ಸೊಸೆಯನ್ನು ಕೇಳಿದೆ, "ಬೆಚ್ಚಗಿರುವ ಜಾಗ ಎಲ್ಲಾದರೂ ಇದೆಯೇನಮ್ಮ?" ಅವಳು ಕೆಲಸದಿಂದ ದಣಿದು ಬಂದು ಸೋಫಾದಲ್ಲೇ ತೂಕಡಿಸುತ್ತಿದ್ದಳು. ಕಣ್ಣು ಬಿಡದೆಯೇ, "ಗ್ಯಾರೇಜಿನಲ್ಲಿ ಒಂದು ಬಿಸಿ ಪೆಟ್ಟಿಗೆ ಇದೆಯಲ್ಲ ಅತ್ತೆ, ಅದರಲ್ಲಿಡಿ" ಎಂದಳು. ಹೇಳಿದ ಮೇಲೆ ಅವಳಿಗೆ ಎಚ್ಚರವಾಗಿರಬೇಕು. ನಾನು ಆಗಲೇ ಪಾತ್ರೆ ಹಿಡಿದು ಹೊರಟಾಗಿತ್ತು.

ಗ್ಯಾರೇಜಿನ ಮೂಲೆಯಲ್ಲಿ ಎದೆಯುದ್ದದ ಪೆಟ್ಟಿಗೆಯೊಂದಿತ್ತು. ಅದರ ಮೇಲೆ ಹೊದಿಸಿದ್ದದ್ದು ನಾನು ಹಳೆಯ ಸೀರೆಗಳನ್ನು ಸೇರಿಸಿ ಹೊಲಿದು ಅವರ ಮದುವೆಯಾದ ವರ್ಷ ಕಳಿಸಿದ್ದ ಕೌದಿ. ಇಂಥ ಚಳಿಯಲ್ಲಿ ಕೌದಿಯನ್ನು ಮಂಚದ ಮೇಲೆ ಹಾಕದೆ ಪೆಟ್ಟಿಗೆಗೆ ಹೊದಿಸಿದ್ದಾರಲ್ಲ ಎಂದು ಒಂದು ಗಳಿಗೆ ಬೇಜಾರಾಯಿತು. ಎತ್ತಿ ಮುಚ್ಚಳ ತೆಗೆದೆ. ಒಳಗೆ ದೊಡ್ಡ ಬಿಳಿ ಬಕೆಟ್. ಅದರ ಮುಚ್ಚಳದ ಮೇಲೆ ನೀರು ತುಂಬಿದ ಒಂದು ಪುಟ್ಟ ನಳಿಕೆ. ಅದರಿಂದ ಗುಳುಕ್, ಗುಳುಕ್ ಎಂದು ಗುಳ್ಳೆಗಳು ಏಳುತ್ತಿದ್ದವು. ಹುಳಿ ವಾಸನೆ ಬಂತು. ಮೊದಲು ನನ್ನ ಹಿಟ್ಟಿನದೇ ಅಂದುಕೊಂಡೆ. ನನ್ನ ಹಿಟ್ಟಿಗೆ ಆ ವಾಸನೆ ಬಂದಿದ್ದರೆ ನಾನು ಅಲ್ಲಿಗೆ ಏಕೆ ಬರುತ್ತಿದ್ದೆ?

ಆ ಪೆಟ್ಟಿಗೆಯ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು.

ನನ್ನ ಅಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅಕ್ಷರ ಮುತ್ತಿನಂತೆ. ಅವರ ಲೆಕ್ಕದಲ್ಲಿ ಒಂದು ಪೈಸೆ ಆಚೀಚೆಯಾದದ್ದನ್ನು ಯಾರೂ ಕಂಡಿಲ್ಲ. ಸಂಜೆಯಾದರೆ ಮಂಡಿಯ ಹಿಂದಿನ ಸಾರಾಯಿ ಅಂಗಡಿಗೆ ಹೋಗುವರು. ಮೊದಲು ವಾರಕ್ಕೊಮ್ಮೆ, ಗೆಳೆಯರ ಜೊತೆಗೆ. ಆಮೇಲೆ ಗೆಳೆಯರು ಇಲ್ಲದೆಯೂ. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಅಮ್ಮ ಇದ್ದಿಲಿನಿಂದ ಹಾಲಿನ ಲೆಕ್ಕ ಗೀಟು ಹಾಕುತ್ತಿದ್ದಳು. ಹಾಲಿನ ಗೀಟುಗಳ ಪಕ್ಕ, ಬಾಗಿಲ ಸಂದಿಗೆ ಹತ್ತಿರ, ಇನ್ನೊಂದು ಸಾಲು ಗೀಟುಗಳಿದ್ದವು. ಅದು ಅಪ್ಪ ಕುಡಿದು ಬಂದ ದಿನಗಳ ಲೆಕ್ಕ. ಅದನ್ನು ಯಾರಿಗೆ ತೋರಿಸಬೇಕೆಂದಿದ್ದಳೋ ಏನೋ. ತಿಂಗಳ ಕೊನೆಗೆ ಹಾಲಿನವನ ಲೆಕ್ಕ ಚುಕ್ತಾ ಮಾಡಿ ಒರೆಸುವಾಗ ಅದನ್ನೂ ಒರೆಸಿಬಿಡುತ್ತಿದ್ದಳು. ಲಾಂದ್ರ ಹಿಡಿದು ಅಪ್ಪನನ್ನು ಕರೆದುಕೊಂಡು ಬರಲು ನನ್ನನ್ನು ಕಳಿಸಿದ ರಾತ್ರಿಗಳೂ ಇದ್ದವು. ಆ ಅಂಗಡಿಯ ಹುಳಿ ವಾಸನೆ ಮೂಗಿನಲ್ಲಿ ಹೇಗೆ ಕೂತಿದೆಯೆಂದರೆ, ನಲವತ್ತು ವರ್ಷದ ಮೇಲೆ, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಬಕೆಟ್ ಒಂದರ ಎದುರಿಗೆ ಕೈಯಲ್ಲಿ ಲಾಂದ್ರವಿದೆ ಅನ್ನಿಸಿತು. ನನ್ನ ಎರಡನೆಯ ವರ್ಷದ ಪಿಯುಸಿಯಲ್ಲಿ ಅಪ್ಪ ತೀರಿಕೊಂಡರು. ಕಣ್ಣು ಅರಿಸಿನದಂತಾಗಿ, ಹೊಟ್ಟೆಗೆ ನೀರು ತುಂಬಿ. ಅವರಿಗೆ ಐವತ್ತು ಆಗಿರಲಿಲ್ಲ. ಆಮೇಲೆ ನನಗೆ ಗಂಡು ನೋಡುವಾಗ ನಾನು ಕೇಳಿದ್ದು ಒಂದೇ ಪ್ರಶ್ನೆ. ಕೆಲಸವನ್ನಾಗಲಿ ಆಸ್ತಿಯನ್ನಾಗಲಿ ನಾನು ಕೇಳಲಿಲ್ಲ.

ಕೊನೆಗೆ ನಾನು ಏನು ಮಾಡಿದೆನೆಂದರೆ, ಹಿಟ್ಟಿನ ಪಾತ್ರೆಯನ್ನು ಆ ಬಕೆಟ್ಟಿನ ಪಕ್ಕದಲ್ಲೇ ಇಟ್ಟು, ಮುಚ್ಚಳ ಹಾಕಿ, ಕೌದಿ ಹೊದಿಸಿ ಬಂದೆ. ಬೆಳಗಿನ ದೋಸೆಗೆ ಬೇರೆ ದಾರಿ ಇರಲಿಲ್ಲ.

ಹಿಟ್ಟು ಚೆನ್ನಾಗಿ ಉಬ್ಬಿತ್ತು. ಅಷ್ಟು ತೂತು ಬಿದ್ದ ದೋಸೆ ಊರಲ್ಲೂ ಎದ್ದಿರಲಿಕ್ಕಿಲ್ಲ. ಮೂವರೂ ತಿಂದೆವು. ಸೊಸೆ ತಲೆಯೆತ್ತಲಿಲ್ಲ. ಮಗ ನಾಲ್ಕನೆಯ ದೋಸೆಗೆ ಬಂದಾಗ, "ಅಮ್ಮಾ, ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ" ಎಂದ.

"ಏನು ಹೇಳಲಿಲ್ಲ?" ಎಂದೆ. ಮೇಷ್ಟರ ಬುದ್ಧಿ. ತಪ್ಪನ್ನು ಹುಡುಗನ ಬಾಯಿಂದಲೇ ಹೇಳಿಸಬೇಕು.

ಹೇಳಿದ. ಮೂರು ವರ್ಷದಿಂದ ಮನೆಯಲ್ಲೇ ಬಿಯರ್ ಮಾಡುತ್ತಿದ್ದಾನೆ. ಅಲ್ಲಿ ಅದು ಕಾನೂನಿಗೆ ವಿರುದ್ಧವಲ್ಲ. ನಾನು ಬರುವ ಹಿಂದಿನ ದಿನ ಸಾಮಾನನ್ನೆಲ್ಲ ಗೆಳೆಯನ ಮನೆಗೆ ಸಾಗಿಸಿದ್ದಾನೆ. ಆದರೆ ಹುದುಗುತ್ತಿದ್ದ ಬಕೆಟ್ಟನ್ನು ಕದಲಿಸುವ ಹಾಗಿರಲಿಲ್ಲವಾದ್ದರಿಂದ ಕೌದಿ ಹೊದಿಸಿ ಬಿಟ್ಟಿದ್ದಾನೆ. "ಅಮ್ಮ ತನ್ನ ಕೌದಿಯನ್ನೇ ಎತ್ತಿ ನೋಡ್ತಾಳೆ ಅಂದುಕೊಳ್ಳಲಿಲ್ಲ" ಎಂದ. ನನಗೆ ನಗು ಬಂತು. ಅಳುವೂ ಬಂತು.

ಅಂದಿನಿಂದ ನನ್ನ ತಲೆಯಲ್ಲಿ ಹೊಕ್ಕ ಪ್ರಶ್ನೆಯೇ ಈ ಬರಹಕ್ಕೆ ಕಾರಣ. ಮಾಡಿದ್ದು ತಪ್ಪೋ, ಮುಚ್ಚಿಟ್ಟದ್ದು ತಪ್ಪೋ? ಮುಚ್ಚಿಟ್ಟದ್ದರಲ್ಲಿ ಪ್ರೀತಿ ಇತ್ತು, ಅದನ್ನು ಅಲ್ಲಗಳೆಯಲಾರೆ. ಆದರೆ ನನ್ನ ಅಪ್ಪನೂ ಏಲಕ್ಕಿ ಅಗಿದುಕೊಂಡೇ ಮನೆಯೊಳಗೆ ಬರುತ್ತಿದ್ದರು. ಅದೂ ಪ್ರೀತಿಯೇ ಇರಬಹುದು.

ಮಗನಿಗೆ ನಾನು ಬಯ್ಯಲಿಲ್ಲ. ಮೂವತ್ತು ವರ್ಷದವನನ್ನು ಬಯ್ದು ಏನು ಪ್ರಯೋಜನ? "ಸಾಮಾನು ವಾಪಸ್ಸು ತಂದಿಡು, ಏನು ಮಾಡುತ್ತೀಯೋ ನನ್ನೆದುರಿಗೇ ಮಾಡು" ಎಂದೆ. ಅವನು ನಂಬಲಿಲ್ಲ. ಮಾರನೆಯ ಸಂಜೆ ತಂದ.

ಹೀಗೆ ನನ್ನ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಹೆಂಡ ಹೇಗಾಗುತ್ತದೆಂದು ಕಲಿತೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು ಬಿಸಿನೀರಲ್ಲಿ ನೆನೆಸಿದರೆ ಅದರ ಹಿಟ್ಟೆಲ್ಲ ಸಕ್ಕರೆಯಾಗಿ ನೀರಿಗಿಳಿಯುತ್ತದೆ. ಮಕ್ಕಳಿಗೆ ರಾಗಿಸರಿ ಮಾಡಲು ನಾವು ಮೊಳಕೆ ಕಟ್ಟುವುದಿಲ್ಲವೇ, ಅದೇ. ಆ ಸಿಹಿನೀರನ್ನು ಒಂದು ಗಂಟೆ ಕುದಿಸುತ್ತ ಹಾಪ್ಸ್ ಎಂಬ ಬಳ್ಳಿಯ ಒಣಗಿದ ಹೂವು ಹಾಕುತ್ತಾರೆ. ಅದರಿಂದ ಕಹಿ. ಓರೆಗಾನಿನ ವಿಲಾಮೆಟ್ ಕಣಿವೆಯಲ್ಲಿ ಈ ಬಳ್ಳಿಯ ತೋಟಗಳಿವೆ. ಒಂದು ಭಾನುವಾರ ಹೋಗಿ ನೋಡಿ ಬಂದೆವು. ಎತ್ತರದ ಕಂಬಗಳಿಗೆ ತಂತಿ ಎಳೆದು, ತಂತಿಯಿಂದ ಹಗ್ಗ ಇಳಿಬಿಟ್ಟು, ಎಳೆಯ ಕುಡಿಗಳನ್ನು ಹಗ್ಗಕ್ಕೆ ಸುತ್ತಿಸುತ್ತಿದ್ದರು. ಥೇಟ್ ನಮ್ಮ ವೀಳ್ಯದೆಲೆ ತೋಟದ ಹಾಗೆ. ಗಂಡು ಬಳ್ಳಿ ಬೇಡವಂತೆ, ಹೆಣ್ಣು ಬಳ್ಳಿಯ ಹೂವಿಗೇ ಬೆಲೆಯಂತೆ. ಕುದಿಸಿದ್ದನ್ನು ಆರಿಸಿ ಯೀಸ್ಟ್ ಹಾಕಿ ಬಿಟ್ಟರೆ ಅದು ಸಕ್ಕರೆಯನ್ನು ತಿಂದು ಎರಡು ವಸ್ತುಗಳನ್ನು ಬಿಡುತ್ತದೆ. ಒಂದು ಮದ್ಯಸಾರ, ಇನ್ನೊಂದು ಇಂಗಾಲದ ಡೈಆಕ್ಸೈಡ್ ಅನಿಲ. ನನ್ನ ದೋಸೆಯನ್ನು ತೂತು ಮಾಡಿದ್ದೂ ಅದೇ ಅನಿಲ. ಪೆಟ್ಟಿಗೆಯೊಳಗೆ ನನ್ನ ಪಾತ್ರೆ, ಅವನ ಬಕೆಟ್ ಎರಡೂ ರಾತ್ರಿಯಿಡೀ ಒಂದೇ ಉಸಿರು ಬಿಡುತ್ತಿದ್ದವು!

ಕಾನೂನಿನ ವಿಷಯವನ್ನೂ ಕೇಳಿ ತಿಳಿದುಕೊಂಡೆ. ಅಮೆರಿಕದಲ್ಲಿ 1920ರಿಂದ 1933ರ ತನಕ ಪೂರ್ತಿ ಪಾನನಿಷೇಧ ಇತ್ತು. ಅದನ್ನು ತೆಗೆದಾಗ ಮನೆಯಲ್ಲಿ ವೈನ್ ಮಾಡಲು ದಾರಿಯಾಯಿತು, ಬಿಯರಿಗೆ ಆಗಲಿಲ್ಲ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ ಅದೂ ಆಯಿತು. ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ವಯಸ್ಕರಿದ್ದರೆ 200. ಮಾರುವ ಹಾಗಿಲ್ಲ. 200 ಗ್ಯಾಲನ್ ಎಂದರೆ 757 ಲೀಟರ್. ಮನಸ್ಸಿನಲ್ಲೇ ಭಾಗಿಸಿದೆ. ದಿನಕ್ಕೆ ಎರಡು ಲೀಟರಿಗೂ ಸ್ವಲ್ಪ ಮೇಲೆ. ಆ ಅಳತೆಯನ್ನು ಯಾವ ಪುಣ್ಯಾತ್ಮ ಗೊತ್ತು ಮಾಡಿದನೋ, ಅವನ ಹೆಂಡತಿಯನ್ನು ಕೇಳಿ ಮಾಡಲಿಲ್ಲವೆಂದು ಕಾಣುತ್ತದೆ. ನಮ್ಮಲ್ಲಿ ಲೈಸೆನ್ಸಿಲ್ಲದೆ ಮಾಡಿದರೆ ಅಬಕಾರಿಯವರು ಹಿಡಿಯುತ್ತಾರೆ. ಆದರೂ ಮಡಿಕೇರಿ ಕಡೆಯ ನನ್ನ ಸಹೋದ್ಯೋಗಿಯ ಮನೆಗೆ ಹೋದರೆ ಅವರ ಅತ್ತೆ ಭರಣಿಯಲ್ಲಿ ಹಾಕಿಟ್ಟ ದ್ರಾಕ್ಷಿಯ ವೈನನ್ನು ಪುಟ್ಟ ಲೋಟದಲ್ಲಿ ತಂದಿಡುತ್ತಾರೆ, ನಾವು ಪಾನಕ ಕೊಟ್ಟ ಹಾಗೆ. ಅವರ ಮನೆಯಲ್ಲಿ ಗೋಡೆಗೆ ಗೀಟು ಹಾಕಿದವರನ್ನು ನಾನು ಕಂಡಿಲ್ಲ. ಕಾಣದಿದ್ದ ಮಾತ್ರಕ್ಕೆ ಇಲ್ಲವೆಂದು ಹೇಳಲೂ ಆಗದು.

ಎರಡು ವಾರ ಕಳೆದು ಬಕೆಟ್ಟಿನ ಗುಳುಕು ನಿಂತಿತು. ಈಗ ಅದನ್ನು ಕೆಗ್ಗಿಗೆ ತುಂಬಬೇಕು. ಕೆಗ್ ಎಂದರೆ ಸ್ಟೀಲಿನ ಪೀಪಾಯಿ, ಡೈರಿಗೆ ಹಾಲು ಹಾಕುವ ಕ್ಯಾನನ್ನು ಎಳೆದು ಉದ್ದ ಮಾಡಿದ ಹಾಗೆ. 19 ಲೀಟರ್ ಹಿಡಿಯುತ್ತದೆ. ಇವು ಮೊದಲು ತಂಪು ಪಾನೀಯದ ಕಂಪೆನಿಗಳು ಹೋಟೆಲುಗಳಿಗೆ ಸಿಹಿ ಪಾಕ ಕಳಿಸಲು ಬಳಸುತ್ತಿದ್ದ ಪೀಪಾಯಿಗಳು. ಪಾಕ ರಟ್ಟಿನ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲದಲ್ಲಿ ಬರಲು ಶುರುವಾದ ಮೇಲೆ ಇವು ಗುಜರಿಗೆ ಬಿದ್ದವು. ಮನೆಯಲ್ಲಿ ಬಿಯರ್ ಮಾಡುವವರು ಕೊಂಡುಕೊಂಡರು. ಮುಚ್ಚಳ ಮೊಟ್ಟೆಯಾಕಾರ, ಕೈ ತೂರಿಸಿ ತೊಳೆಯುವಷ್ಟು ದೊಡ್ಡದು. ತಲೆಯ ಮೇಲೆ ಎರಡು ಮೂತಿ. ಒಂದರಿಂದ ಅನಿಲ ಒಳಗೆ, ತಳದ ತನಕ ಇಳಿದ ಕೊಳವೆಯ ಇನ್ನೊಂದರಿಂದ ಬಿಯರ್ ಹೊರಗೆ. ತೊಳೆಯುವುದಂತೂ ಕೇಳಬೇಡಿ. ಮಗ ಅದನ್ನು ತಿಕ್ಕಿದ ಪರಿ ನೋಡಿ, ಚಿಕ್ಕಂದಿನಲ್ಲಿ ತನ್ನ ತಟ್ಟೆಯನ್ನು ಒಂದು ದಿನವೂ ಎತ್ತಿಡದವನು ಇವನೇ ಏನು ಎಂದು ಆಶ್ಚರ್ಯಪಟ್ಟೆ.

ಇದರಲ್ಲಿ ಎರಡು ದಾರಿಗಳಿವೆ. ಹಳೆಯ ದಾರಿಯಲ್ಲಿ ಬಿಯರಿಗೆ ಇನ್ನೊಂದಿಷ್ಟು ಸಕ್ಕರೆ ಹಾಕಿ ಬಾಟಲಿಯಲ್ಲಿ ಬಿರಡೆ ಹಾಕಿಟ್ಟರೆ ಉಳಿದ ಯೀಸ್ಟು ಅದನ್ನು ತಿಂದು ಅನಿಲ ಬಿಡುತ್ತದೆ. ಹೋಗಲು ಜಾಗವಿಲ್ಲದ ಅನಿಲ ಬಿಯರಿನಲ್ಲೇ ಕರಗುತ್ತದೆ. ಎರಡು ವಾರ ಕಾಯಬೇಕು. ಸಕ್ಕರೆ ಹೆಚ್ಚಾದರೆ ಬಾಟಲಿ ಸಿಡಿಯುತ್ತದೆ. ಕೆಗ್ಗಿನ ದಾರಿ ಬೇರೆ. ಸಿಲಿಂಡರಿನಿಂದ ಅನಿಲವನ್ನು ಹೊರಗಿನಿಂದಲೇ ಒತ್ತಿ ತುಂಬುವುದು. ಮೊದಲು ಅನಿಲ ಬಿಟ್ಟು, ಮುಚ್ಚಳದ ಪುಟ್ಟ ಕವಾಟವನ್ನೆಳೆದು ಒಳಗಿನ ಗಾಳಿಯನ್ನು ಹೊರಹಾಕುತ್ತಾರೆ. ಆಮ್ಲಜನಕ ತಾಗಿದರೆ ಬಿಯರ್ ಹಳಸಲು ರುಚಿಯಾಗುತ್ತದೆ. ಆಮೇಲೆ ಫ್ರಿಜ್ಜಿನಲ್ಲಿ ಮೂರು ನಾಲ್ಕು ಡಿಗ್ರಿಗೆ ತಂಪು ಮಾಡಿ, ಚದರ ಅಂಗುಲಕ್ಕೆ 12 ಪೌಂಡು ಒತ್ತಡದಲ್ಲಿ ಸುಮಾರು ಹತ್ತು ದಿನ ಬಿಡಬೇಕು. ದ್ರವ ತಣ್ಣಗಿದ್ದಷ್ಟೂ ಅನಿಲ ಹೆಚ್ಚು ಕರಗುತ್ತದೆ. ಅವಸರವಿರುವವರು 30 ಪೌಂಡಿಗೆ ಏರಿಸಿ ಪೀಪಾಯಿಯನ್ನು ಉರುಳಾಡಿಸಿ ಒಂದೆರಡು ದಿನದಲ್ಲೇ ಮುಗಿಸುತ್ತಾರೆ. ಅದರಲ್ಲಿ ಬರೀ ನೊರೆ ಬಂದು ಕೆಡುವ ಭಯವೂ ಇದೆ. ಮಗ ಹತ್ತು ದಿನದ ಪಂಗಡದವನು. ಅಷ್ಟರಮಟ್ಟಿಗೆ ಸಮಾಧಾನವಾಯಿತು. ಕಾಯಬಲ್ಲವನು ಕುಡುಕನಾಗುವುದು ಕಷ್ಟ ಎಂದು ಒಂದು ಗಳಿಗೆ ಅಂದುಕೊಂಡೆ. ಮರುಗಳಿಗೆಯೇ ಅಪ್ಪ ನೆನಪಾದರು. ಮಂಡಿ ಮುಚ್ಚುವ ತನಕ ಅವರೂ ಕಾಯುತ್ತಿದ್ದರಲ್ಲ.

ಇಲ್ಲೊಂದು ಸ್ವಾರಸ್ಯದ ಸಂಗತಿ. ಸೋಡಾ ಹುಟ್ಟಿದ್ದೇ ಹೆಂಡದ ತೊಟ್ಟಿಯ ಮೇಲೆ. ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಇದ್ದ. ಆಮ್ಲಜನಕದ ಪಾಠದಲ್ಲಿ ಬರುತ್ತಾನಲ್ಲ, ಅವನೇ. ಅವನ ಮನೆಯ ಪಕ್ಕದಲ್ಲೇ ಬಿಯರ್ ಮಾಡುವ ಜಾಗವಿತ್ತು. 1767ರಲ್ಲಿ ಹುದುಗುವ ತೊಟ್ಟಿಯ ಮೇಲೆ ನಿಂತ ಅನಿಲದಲ್ಲಿ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹುಯ್ದು ಹುಯ್ದು ನೋಡಿದಾಗ ನೀರಿಗೆ ಚುರುಕು ರುಚಿ ಬಂತು. ಅದನ್ನೇ ಸುಧಾರಿಸಿ 1772ರಲ್ಲಿ ಪುಸ್ತಕ ಬರೆದ. ನಾವು ಜಾತ್ರೆಯಲ್ಲಿ ಟಪ್ಪೆಂದು ಗೋಲಿ ಒತ್ತಿ ಕುಡಿಯುವ ಸೋಡಾದ ಮುತ್ತಜ್ಜ ಹೆಂಡದ ತೊಟ್ಟಿ! ಗೋಲಿ ಸೋಡಾ ಕುಡಿದು ಯಾರ ಮನೆಯೂ ಹಾಳಾಗಲಿಲ್ಲ. ಒಂದೇ ತೊಟ್ಟಿ. ಮೇಲಿನದು ನಿರಪರಾಧಿ, ಕೆಳಗಿನದು ಅಪರಾಧಿ.

ಈಗ ನನ್ನ ತಪ್ಪೊಪ್ಪಿಗೆಗೆ ಬರುತ್ತೇನೆ.

ಪೀಪಾಯಿಗೆ ಅನಿಲ ಜೋಡಿಸಿದ ಮಾರನೆಯ ಬೆಳಿಗ್ಗೆ ಮಗ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ರಾತ್ರಿಯಿಡೀ ಎಲ್ಲೋ ಸೋರಿ ಸಿಲಿಂಡರ್ ಖಾಲಿಯಾಗಿತ್ತು. ಅದರೊಳಗೆ ಅನಿಲ ದ್ರವರೂಪದಲ್ಲಿರುವುದರಿಂದ ಮುಳ್ಳು ಕೊನೆಯ ತನಕ 800 ಪೌಂಡಿನ ಆಸುಪಾಸಿನಲ್ಲೇ ನಿಂತಿದ್ದು, ದ್ರವ ಮುಗಿದೊಡನೆ ಧುತ್ತೆಂದು ಇಳಿಯುತ್ತದೆ. ನಮ್ಮ ಅಡುಗೆ ಸಿಲಿಂಡರೂ ಹಾಗೇ ತಾನೇ, ಹಬ್ಬದ ದಿನ ಒಬ್ಬಟ್ಟು ಬೇಯುವಾಗಲೇ ಕೈಕೊಡುವುದು. ಅವನು ಅಂಗಡಿಗೆ ಹೋಗಿ ತುಂಬಿದ ಸಿಲಿಂಡರ್ ತಂದ, ಜೋಡಿಸಿದ, ಕೊಳವೆಗೆಲ್ಲ ಕಿವಿಗೊಟ್ಟು ಕೂತ. ಏನೂ ಕೇಳಿಸದು. ಅಡುಗೆ ಅನಿಲಕ್ಕಾದರೆ ವಾಸನೆ ಬೆರೆಸಿರುತ್ತಾರೆ, ಇದಕ್ಕೆ ವಾಸನೆಯೂ ಇಲ್ಲ. ನಾನು ಹಿಟ್ಟಿನ ಪಾತ್ರೆ ಇಡಲು ಹೋದವಳು ಸ್ವಲ್ಪ ಹೊತ್ತು ನೋಡಿದೆ. ನಮ್ಮ ಮನೆಗೆ ಮೊದಲ ಸಲ ಗ್ಯಾಸ್ ಬಂದಾಗ ತಂದುಕೊಟ್ಟ ಹುಡುಗ ಹೇಳಿಕೊಟ್ಟದ್ದು ನೆನಪಾಯಿತು. ಒಳಗೆ ಹೋಗಿ ಬಟ್ಟಲಲ್ಲಿ ಪಾತ್ರೆ ತೊಳೆಯುವ ಸಾಬೂನಿಗೆ ನೀರು ಹಾಕಿ ಕದಡಿ ನೊರೆ ಮಾಡಿ ತಂದೆ. ಒಂದೊಂದೇ ಜೋಡಣೆಗೆ ಬೆರಳಿನಿಂದ ಸವರಿದೆ. ಸಿಲಿಂಡರಿಗೂ ರೆಗ್ಯುಲೇಟರಿಗೂ ಕೂಡುವ ಕಡೆ ಸಾಸಿವೆಯಷ್ಟು ಗುಳ್ಳೆ ಎದ್ದು, ಕಡಲೆಯಷ್ಟಾಗಿ, ನೆಲ್ಲಿಕಾಯಿಯಷ್ಟಾಗಿ ಒಡೆಯಿತು. ಮತ್ತೆ ಎದ್ದಿತು.

"ಇಲ್ಲಿ ನೋಡು" ಎಂದೆ. ಬಿಚ್ಚಿ ನೋಡಿದರೆ ಒಳಗಿನ ಪುಟ್ಟ ವಾಷರ್ ಸೀಳಿತ್ತು. ಮಗ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ನನಗಾದ ಸಂತೋಷ ಎಂಥದೆಂದರೆ, ಮಕ್ಕಳೆದುರಿಗೆ ಕಷ್ಟದ ಲೆಕ್ಕ ಬಿಡಿಸಿದಷ್ಟು.

ರಾತ್ರಿ ಮಲಗಿದ ಮೇಲೆ ಯೋಚನೆ ಶುರುವಾಯಿತು. ಇವತ್ತು ನಾನು ಮಾಡಿದ್ದೇನು? ಸುಮ್ಮನಿದ್ದಿದ್ದರೆ ಎರಡನೆಯ ಸಿಲಿಂಡರೂ ಖಾಲಿಯಾಗಿ, ಬೇಸತ್ತು ಬಿಡುತ್ತಿದ್ದನೋ ಏನೋ. ಸೋರುವ ಅನಿಲ ಮುಚ್ಚಿದ ಗ್ಯಾರೇಜಿನಲ್ಲಿ ನೆಲಮಟ್ಟದಲ್ಲಿ ತುಂಬಿಕೊಂಡರೆ ಜೀವಕ್ಕೆ ಅಪಾಯ, ಅದಕ್ಕೇ ಹುಡುಕಿದೆ ಎಂದು ಸಮಾಧಾನ ಹೇಳಿಕೊಂಡೆ. ಅದು ನಿಜವೂ ಹೌದು. ಆದರೆ ನೊರೆ ಕದಡುವಾಗ ಆ ಯೋಚನೆ ನನಗೆ ಬಂದಿರಲಿಲ್ಲ. ಮಗ ಸಪ್ಪಗೆ ಕೂತದ್ದನ್ನು ನೋಡಲಾಗಲಿಲ್ಲ, ಅಷ್ಟೇ.

ಹಿಂದೊಮ್ಮೆ ತರಗತಿಯಲ್ಲಿ ಕಚ-ದೇವಯಾನಿಯ ಕತೆ ಹೇಳುತ್ತಿದ್ದೆ. ಅಸುರರು ಕಚನನ್ನು ಕೊಂದು ಸುಟ್ಟು ಬೂದಿಯನ್ನು ಹೆಂಡದಲ್ಲಿ ಬೆರೆಸಿ ಗುರು ಶುಕ್ರಾಚಾರ್ಯರಿಗೇ ಕುಡಿಸುತ್ತಾರೆ. ಶಿಷ್ಯ ಹೊಟ್ಟೆಯೊಳಗಿಂದ ಮಾತಾಡಿದಾಗ ಶುಕ್ರರಿಗೆ ತಿಳಿಯುತ್ತದೆ. ಕೊನೆಗೆ, ಇನ್ನು ಮುಂದೆ ಹೆಂಡ ಕುಡಿದ ಬ್ರಾಹ್ಮಣನಿಗೆ ಬ್ರಹ್ಮಹತ್ಯೆಯ ಪಾಪ ಎಂದು ಶಪಿಸುತ್ತಾರೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಬೆರೆಸಿದವರಿಗೆ ಯಾಕೆ ಮಿಸ್ ಶಾಪ ಕೊಡಲಿಲ್ಲ?" ಎಂದಳು. ಅಸುರರನ್ನು ಮೂರ್ಖರೆಂದು ಬಯ್ದರು, ಎಂದು ಏನೋ ಹೇಳಿ ಮುಂದಕ್ಕೆ ಹೋದೆ. ಆ ಹುಡುಗಿಯ ಅಪ್ಪ ನಮ್ಮೂರಿನ ಸಾರಾಯಿ ಅಂಗಡಿಯಲ್ಲಿ ಸದಾ ಬಿದ್ದಿರುತ್ತಿದ್ದವನೆಂದು ಆಮೇಲೆ ತಿಳಿಯಿತು. ಅವಳು ಪುರಾಣದ ಸಂದೇಹ ಕೇಳಿರಲಿಲ್ಲ.

ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು 1992ರಲ್ಲಿ ಸಾರಾಯಿ ಅಂಗಡಿ ಮುಚ್ಚಿಸಿದ್ದನ್ನು ಓದಿದಾಗ ನನಗೆ ಕೆಲಸ ಹೊಸದು. ಸಾಕ್ಷರತೆಯ ತರಗತಿಗಳಲ್ಲಿ ಹೊತ್ತಿದ ಕಿಡಿ ಅದು ಎಂಬುದು ನನಗೆ ಬಹಳ ಹಿಡಿಸಿತ್ತು. ಕಪ್ಪು ಹಲಗೆಗೆ ಅಷ್ಟು ಶಕ್ತಿಯಿದೆ ಎಂದು ಹೆಮ್ಮೆ. ಅಮೆರಿಕದಲ್ಲೂ ನೂರೈವತ್ತು ವರ್ಷದ ಹಿಂದೆ ಒಹಾಯೋ ರಾಜ್ಯದ ಹೆಂಗಸರು ಹೆಂಡದಂಗಡಿಗಳ ಬಾಗಿಲಲ್ಲಿ ಮಂಡಿಯೂರಿ ಪ್ರಾರ್ಥನೆ ಮಾಡಿದ್ದರಂತೆ, 1874ರಲ್ಲಿ ಸಂಘ ಕಟ್ಟಿದರಂತೆ. ನಾವೂ ಕೆಲವರು ಶಿಕ್ಷಕಿಯರು ಮಕ್ಕಳನ್ನು ಕಟ್ಟಿಕೊಂಡು ಮೆರವಣಿಗೆ ಹೋಗಿದ್ದೆವು. ಆಗ ಅಂಗಡಿಯವನೊಬ್ಬ, "ಮೇಡಂ, ನಿಮ್ಮ ಸಂಬಳ ಎಲ್ಲಿಂದ ಬರುತ್ತೆ ಅಂತ ಗೊತ್ತಾ?" ಎಂದಿದ್ದ. ಒರಟ ಎಂದು ಮುಖ ತಿರುಗಿಸಿದ್ದೆ. ಅಬಕಾರಿ ಹಣ ಸರ್ಕಾರದ ದೊಡ್ಡ ಆದಾಯಗಳಲ್ಲೊಂದು ಎಂಬುದನ್ನು ಸಮಾಜ ಪಾಠದಲ್ಲಿ ನಾನೇ ಹೇಳಿಕೊಡುತ್ತಿದ್ದೆ! 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅಂದು ಶಾಲೆಯಲ್ಲಿ ಸಿಹಿ ಹಂಚಿದೆವು. ಅಂಗಡಿ ಮುಚ್ಚಿತು. ಅದರ ಎದುರಿನ ಬ್ರಾಂದಿ ಅಂಗಡಿ ಮುಚ್ಚಲಿಲ್ಲ. ಕುಡಿಯುವ ಕೂಲಿಯವನು ರಸ್ತೆ ದಾಟಿದ, ಹೆಚ್ಚು ದುಡ್ಡು ಕೊಟ್ಟ.

ಇನ್ನೊಂದು ಮಾತು ಹೇಳದೆ ಬಿಟ್ಟರೆ ಅಪ್ರಾಮಾಣಿಕತೆಯಾದೀತು. ನನ್ನ ಮಗನ ಕೈಯಲ್ಲಿ ಥರ್ಮಾಮೀಟರ್ ಇದೆ, ಬರೆದಿಡುವ ನೋಟ್ ಪುಸ್ತಕ ಇದೆ, ಹಾಪ್ಸಿನ ಜಾತಿಗಳ ಹೆಸರು ಬಾಯಿಪಾಠ ಇದೆ. ಅದಕ್ಕೆ ನಾವು ಹವ್ಯಾಸ ಎನ್ನುತ್ತೇವೆ. ಮಂಡಿಯ ಹಿಂದಿನ ಅಂಗಡಿಯದಕ್ಕೆ ದುಶ್ಚಟ ಎನ್ನುತ್ತೇವೆ. "ತಾತ ಮರೆಯೋಕೆ ಕುಡೀತಿದ್ದರು, ನಾನು ಮಾಡೋ ಖುಷಿಗೆ ಮಾಡ್ತೀನಿ ಅಮ್ಮಾ" ಎಂದು ಅವನು ಹೇಳಿದಾಗ ಕೇಳಲು ಚೆನ್ನಾಗಿತ್ತು. ವ್ಯತ್ಯಾಸ ಇಲ್ಲವೆಂದು ನಾನು ಹೇಳುವುದಿಲ್ಲ. ಕೈಯಾರೆ ಮಾಡಿದ್ದಕ್ಕೂ ಕೊಂಡದ್ದಕ್ಕೂ ವ್ಯತ್ಯಾಸವಿದೆ. ತಿಂಗಳು ಕಾದು ಮಾಡಿದ್ದನ್ನು ಒಂದೇ ರಾತ್ರಿಯಲ್ಲಿ ಸುರಿದುಕೊಳ್ಳಲು ಮನಸ್ಸು ಬಾರದು. ಆದರೆ ಅಪ್ಪನನ್ನು ಯಾರೂ ಕೇಳಿರಲಿಲ್ಲ, ಏನನ್ನು ಮರೆಯಲು ಕುಡಿಯುತ್ತೀರಿ ಎಂದು. ಕೇಳಿದ್ದರೆ ಅವರೂ ಖುಷಿಗೆ ಎಂದೇ ಹೇಳುತ್ತಿದ್ದರೇನೋ. ಹಾಗಾದರೆ ದೋಷವಿರುವುದು ಪೀಪಾಯಿಯಲ್ಲೋ, ಕೈಯಲ್ಲೋ, ಅಳತೆಯಲ್ಲೋ? ಅಳತೆಯಲ್ಲಿ ಎಂದು ನನ್ನ ಬುದ್ಧಿ ಹೇಳುತ್ತದೆ. ಅಳತೆ ತಪ್ಪಿತೆಂದು ಹೇಳಬೇಕಾದವನೇ ಕುಡಿದವನಾದಾಗ ಆ ಅಳತೆಗೆ ಬೆಲೆಯೇನು, ಎಂದು ಇನ್ನೊಂದು ಕಡೆಯಿಂದ ಅಮ್ಮನ ದನಿ ಕೇಳುತ್ತದೆ.

ಮೇ ತಿಂಗಳ ಒಂದು ಶನಿವಾರ ಗೆಳೆಯರನ್ನು ಕರೆದರು. ಮೂರು ಸಂಸಾರ, ನಾಲ್ಕು ಮಕ್ಕಳು. ಚುರುಮುರಿ, ಆಂಬೊಡೆ ನಾನು ಮಾಡಿದೆ. ಮಗ ನನಗಾಗಿ ಇನ್ನೊಂದು ಪುಟ್ಟ ಪೀಪಾಯಿಗೆ ಶುಂಠಿ, ನಿಂಬೆ, ಬೆಲ್ಲದ ಪಾನಕ ತುಂಬಿ, ಅದಕ್ಕೂ ಅದೇ ಸಿಲಿಂಡರಿನ ಅನಿಲ ಕೊಟ್ಟು ಇಟ್ಟಿದ್ದ. ನಲ್ಲಿ ತಿರುಗಿಸಿದರೆ ಗೋಲಿ ಸೋಡಾದ ಹಾಗೆ ಮೂಗಿಗೆ ಏರಿತು. ಮಕ್ಕಳೂ ನಾನೂ ಅದನ್ನು ಕುಡಿದೆವು. ಅವರ ನಲ್ಲಿಯಿಂದ ಬಂದದ್ದು ಜೇನಿನ ಬಣ್ಣದ್ದು, ಮೇಲೆ ಎರಡು ಬೆರಳು ಬಿಳಿ ನೊರೆ. ಚೆಂದವಾಗಿಯೇ ಇತ್ತು. "ಆಂಟಿ, ಸೋರಿಕೆ ಹಿಡಿದವರು ನೀವಂತೆ" ಎಂದು ಒಬ್ಬ ಹುಡುಗ ಲೋಟ ಎತ್ತಿ ತೋರಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಗುತ್ತಲೇ ಎಣಿಸುತ್ತಿದ್ದೆ. ಮಗನದು ಒಂದು. ಮಾತು, ಹಾಡು, ಊಟದ ತಟ್ಟೆ. ಮಗನದು ಎರಡು. ಲೋಟ ಎತ್ತಿದ ಹುಡುಗನದು ನಾಲ್ಕು, ಅವನ ಹೆಂಡತಿ ಕಾರಿನ ಬೀಗದ ಕೈಯನ್ನು ಮೊದಲೇ ತನ್ನ ಚೀಲಕ್ಕೆ ಹಾಕಿಕೊಂಡಿದ್ದಳು. ಮಗ ಮೂರನೆಯದಕ್ಕೆ ಎದ್ದನೇ? ಇಲ್ಲ, ನೀರಿಗೆ ಎದ್ದ. ನನ್ನ ಬೆರಳು ಸೀರೆಯ ಸೆರಗಿನ ಮೇಲೆ ಗೀಟು ಎಳೆಯುತ್ತಿರುವುದು ನನಗೇ ಗೊತ್ತಾಗಿರಲಿಲ್ಲ.

ಎಲ್ಲರೂ ಹೋದ ಮೇಲೆ ಸೊಸೆಯೂ ನಾನೂ ಪಾತ್ರೆ ತೊಳೆಯುತ್ತಿದ್ದೆವು. ಅವಳು ಲೋಟ ಒರೆಸುತ್ತ, ತಲೆಯೆತ್ತದೆ, "ಎರಡೇ ಅಲ್ಲವಾ ಅತ್ತೆ?" ಎಂದಳು.

ನನ್ನ ಕೈ ನಿಂತಿತು. "ನೀನೂ ಎಣಿಸುತ್ತೀಯಾ?"

"ಮೊದಲಿಂದಲೂ" ಎಂದಳು. "ಯಾವತ್ತೂ ಎರಡು ದಾಟಿಲ್ಲ. ಆದರೂ ಎಣಿಸ್ತೀನಿ. ಅವರಿಗೆ ಗೊತ್ತಿಲ್ಲ."

ಏನು ಹೇಳಬೇಕೋ ತಿಳಿಯಲಿಲ್ಲ. ಭೇಷ್ ಎನ್ನಬೇಕೆನಿಸಿತು. ಮದುವೆಯಾಗಿ ನಾಲ್ಕು ವರ್ಷದ, ಓದಿದ, ಸಂಪಾದಿಸುವ ಹುಡುಗಿ, ಅವಳ ತವರಿನಲ್ಲಿ ಕುಡಿದವರೂ ಯಾರಿಲ್ಲ. ಇವಳಿಗೆ ಈ ಲೆಕ್ಕವನ್ನು ಯಾರು ಹೇಳಿಕೊಟ್ಟರು? ನಾನೇ ಇರಬೇಕು. ಮದುವೆಗೆ ಮುಂಚೆ ಅಪ್ಪನ ವಿಷಯವನ್ನು ಅವಳೊಬ್ಬಳಿಗೇ ಹೇಳಿದ್ದೆ, ಗೊತ್ತಿರಲಿ ಎಂದು. ಗೋಡೆಯ ಗೀಟುಗಳ ವಿಷಯವನ್ನೂ. ಒದ್ದೆ ಕೈಯಲ್ಲೇ ಅವಳ ಭುಜ ಹಿಡಿದುಕೊಂಡೆ. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆವು. ಹಾಲಿನಲ್ಲಿ ಮಗ ಕುರ್ಚಿಗಳನ್ನು ಎತ್ತಿಡುತ್ತ ಶಿಳ್ಳೆ ಹಾಕುತ್ತಿದ್ದ.

ಶಾಲೆ ಶುರುವಾಗುವ ಹೊತ್ತಿಗೆ ಊರಿಗೆ ಬಂದೆ. ಕೌದಿಯನ್ನು ಪೆಟ್ಟಿಗೆಯ ಮೇಲಿಂದ ತೆಗೆದು ಒಗೆದು ಅವರ ಮಂಚದ ಮೇಲೆ ಹಾಸಿಯೇ ಬಂದೆ. ಪೆಟ್ಟಿಗೆಗೆ ಒಂದು ಹಳೆಯ ಬೆಡ್‌ಶೀಟು ಸಾಕು. ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡುತ್ತೇವೆ. ಅತ್ತೆಯ ಮಂಡಿನೋವು, ಅಲ್ಲಿನ ಮಳೆ, ದೋಸೆ ಹಿಟ್ಟು ಎಲ್ಲ ಆದ ಮೇಲೆ ಮಗ, "ಅಮ್ಮಾ, ಹೊಸದು ಹಾಕಿದ್ದೀನಿ" ಎನ್ನುತ್ತಾನೆ. ಈಗ ಮುಚ್ಚಿಡುವುದಿಲ್ಲ. ನಾನು ವಾಷರ್ ಬದಲಾಯಿಸಿದೆಯಾ ಎಂದು ಕೇಳುತ್ತೇನೆ. ಬದಲಾಯಿಸಿದೆ ಎನ್ನುತ್ತಾನೆ. ಸಾಬೂನು ಸವರಿ ನೋಡಿದೆಯಾ ಎಂದರೆ ಆಮೇಲೆ ನೋಡುತ್ತೇನೆ ಎನ್ನುತ್ತಾನೆ. ಅವನ ಹಿಂದೆ, ಅವನಿಗೆ ಕಾಣದ ಹಾಗೆ, ಸೊಸೆ ಎರಡು ಬೆರಳು ಎತ್ತಿ ತೋರಿಸುತ್ತಾಳೆ.